ಹನ್ನೊಂದು ಟೆಂಟಿಗೆ ಒಂದು ಕೆಂಪು ಗೆರೆ

ನಮ್ಮ ಮಾವನವರ ನೋಟ್‌ಬುಕ್ಕಿನ ಅಂಚಿನಲ್ಲಿ ಯಾವಾಗಲೂ ಕೆಂಪು ಗೆರೆಗಳಿರುತ್ತಿದ್ದವು. ನಮ್ಮ ಕ್ಯಾಂಪಿನಲ್ಲಿ ರಾತ್ರಿ ಉಳಿಯಲು ಒಂದು ಗುಂಪಿನವರು ನಾಲ್ಕು ಟೆಂಟ್ ಕೇಳಿದರೆ ಅವರು ನಾಲ್ಕು ಸಾಲು ಬರೆಯುತ್ತಿದ್ದರು. ಯಾವ ಟೆಂಟ್, ಯಾರು ಮಲಗುತ್ತಾರೆ, ಎಷ್ಟು ಜನ, ಎಷ್ಟು ಕೊಟ್ಟರು. ಆಮೇಲೆ ನಾಲ್ಕೂ ಸಾಲು ಸೇರಿಸಿ ಪಕ್ಕದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ. ಗೆರೆಯ ಮೇಲೆ ಮುಂದಾಳಿನ ಹೆಸರು, ಫೋನ್ ನಂಬರ್. ಆ ಗೆರೆಯ ಬೆಲೆ ನನಗೆ ಗೊತ್ತಾಗಿದ್ದು ನೋಟ್‌ಬುಕ್ ಮುಚ್ಚಿಟ್ಟು ಬುಕಿಂಗ್ ಸಾಫ್ಟ್‌ವೇರ್ ತಂದ ಮೇಲೆ.

ನಮ್ಮ ಜಾಗ ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವಾಗ ರಸ್ತೆ ಬಿಟ್ಟು ಸ್ವಲ್ಪ ಒಳಗಿದೆ. ಮೊದಲು ಶೇಂಗಾ ಹಾಕುತ್ತಿದ್ದ ಹೊಲ. ಈಗ 18 ಟೆಂಟ್, ಒಂದು ಅಡುಗೆಮನೆ, ಒಂದು ತುದಿಯಲ್ಲಿ ಟಾಯ್ಲೆಟ್ ಮತ್ತು ಸ್ನಾನದ ಮನೆಗಳ ಸಾಲು. ದೂರದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದು ಕಾಣುತ್ತದೆ. ಆಷಾಢದಲ್ಲಿ ಆ ಗಾಳಿ ಟೆಂಟ್ ನಿಲ್ಲೋಕೆ ಬಿಡಲ್ಲ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಮುಚ್ಚಿರುತ್ತೇವೆ. ದಸರಾ ರಜೆಯಿಂದ ನಾಯಕನಹಟ್ಟಿ ತೇರಿನವರೆಗೆ ನಮ್ಮ ಸೀಸನ್. ಬರುವವರಲ್ಲಿ ಗುಂಪುಗಳೇ ಜಾಸ್ತಿ. ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ, ಚಂದ್ರವಳ್ಳಿ ನೋಡಲು ಬರುವ ಕಾಲೇಜಿನವರು. ಬೆಂಗಳೂರಿನಿಂದ 200 ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬರುವವರು. ಮನೆದೇವರಿಗೆ ಬಂದು ಎಲ್ಲ ಒಟ್ಟಿಗೆ ಒಂದು ರಾತ್ರಿ ಉಳಿಯೋಣ ಅನ್ನುವ ದೊಡ್ಡ ಕುಟುಂಬಗಳು.

ಸಾಫ್ಟ್‌ವೇರ್ ಬಂದ ಹೊಸತರಲ್ಲಿ ನಾನು ಮಾಡಿದ ತಪ್ಪು ಸರಳವಾದದ್ದು. ಇಡೀ ಗುಂಪನ್ನು ಒಂದೇ ಬುಕಿಂಗ್ ಅಂತ ಹಾಕಿಬಿಟ್ಟೆ. ಒಂದು ಹೆಸರು, ಒಂದು ಮೊತ್ತ, ಕೆಳಗೆ ‘14 ಟೆಂಟ್’ ಅಂತ ಒಂದು ಟಿಪ್ಪಣಿ. ಕೆಲಸ ಬೇಗ ಮುಗಿಯಿತು ಅಂದುಕೊಂಡೆ. ಬಿಲ್ ತೆಗೆದಾಗ ತೆರಿಗೆ ನೋಡಿ ಗಾಬರಿಯಾಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಜಾಸ್ತಿಯಾದರೆ ಶೇ 18. ಈ ಲೆಕ್ಕ ಒಂದೊಂದು ರೂಮಿಗೆ, ಒಂದೊಂದು ಟೆಂಟಿಗೆ. ಗುಂಪಿಗಲ್ಲ. ನಮ್ಮ ಟೆಂಟ್ 1,800 ರೂಪಾಯಿ. 14 ಟೆಂಟಿಗೆ 25,200. ನಾನು ಒಂದೇ ಸಾಲಿನಲ್ಲಿ ಹಾಕಿದ್ದರಿಂದ ಸಾಫ್ಟ್‌ವೇರ್ ಅದನ್ನು ಒಂದೇ ದುಬಾರಿ ರೂಮು ಅಂದುಕೊಂಡಿತು. 1,260 ಆಗಬೇಕಿದ್ದ ತೆರಿಗೆ 4,536 ಆಯಿತು. ಬಿಲ್ ಕೊಡುವ ಮುಂಚೆ ಕಣ್ಣಿಗೆ ಬಿತ್ತು, ಸರಿಮಾಡಿದೆ. ಅವತ್ತೇ ಗೊತ್ತಾಯಿತು, ಮಾವ ಒಂದೊಂದು ಟೆಂಟಿಗೂ ಒಂದೊಂದು ಸಾಲು ಸುಮ್ನೆ ಬರೆಯುತ್ತಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಟೆಂಟಿಗೂ ಬೇರೆ ಬುಕಿಂಗ್ ಮಾಡಿ, ಎಲ್ಲವನ್ನೂ ಒಂದಕ್ಕೊಂದು ಲಿಂಕ್ ಮಾಡುತ್ತೇನೆ. ಮುಂದಾಳಿನ ಟೆಂಟ್ ಮೇನ್ ಬುಕಿಂಗ್, ಉಳಿದವು ಅದರ ಕೆಳಗೆ. ಇದರಲ್ಲಿ ಒಂದು ಎಚ್ಚರ ಬೇಕು. ಮುಂದಾಳೇ ಬರಲ್ಲ ಅಂದರೆ ಮೊದಲು ಇನ್ನೊಬ್ಬರ ಬುಕಿಂಗನ್ನು ಮೇನ್ ಮಾಡಿ, ಆಮೇಲೆ ಇವರದನ್ನು ತೆಗೆಯಬೇಕು. ಇಲ್ಲದಿದ್ದರೆ ಉಳಿದವು ದಾರ ಕಿತ್ತ ಮಣಿಗಳ ಹಾಗೆ ಕ್ಯಾಲೆಂಡರಿನಲ್ಲಿ ಚೆದುರಿಹೋಗುತ್ತವೆ.

ಅಡ್ವಾನ್ಸ್ ಬರುವವರೆಗೆ ಬುಕಿಂಗ್ ಮಾಡಲ್ಲ, ಹೋಲ್ಡ್ ಮಾತ್ರ, ಅಂದರೆ ಟೆಂಟನ್ನು ಅವರ ಹೆಸರಿಗೆ ತಡೆದಿಡುವುದು. ಕುಟುಂಬಗಳಿಗೆ ಮೂರು ದಿನ. ಕಾಲೇಜಿನವರಿಗೆ ಪ್ರಿನ್ಸಿಪಾಲರ ಒಪ್ಪಿಗೆ ಸಿಗಬೇಕಲ್ವಾ, ಅವರಿಗೆ ಏಳು ದಿನ. ದಿನ ಮುಗಿದರೆ ಟೆಂಟ್ ತಾನೇ ಬಿಟ್ಟುಕೊಳ್ಳುತ್ತದೆ. ಹದಿನಾಲ್ಕು ಕೇಳಿದವರು ಹನ್ನೊಂದಕ್ಕೆ ಇಳಿಯುವುದು ಮಾಮೂಲು.

ಈಗ ಆ ಡಿಸೆಂಬರ್ ವಿಷಯ ಹೇಳಲೇಬೇಕು. ಕ್ರಿಸ್‌ಮಸ್ ರಜೆಗೆ ಒಂದು ದೊಡ್ಡ ಕುಟುಂಬ, ಹನ್ನೊಂದು ಟೆಂಟ್, ಎಲ್ಲ ಲಿಂಕ್ ಆಗಿತ್ತು. ಬರಲು ನಾಲ್ಕು ದಿನ ಇತ್ತು. ನಾನು ಒಲೆ ಮುಂದೆ ಇದ್ದೆ, ಫೋನ್ ಬಂತು. “ಅಕ್ಕಾ, ನಮ್ಮ ತಂಗಿ ಮನೆಯವರು ಬರೋದಿಲ್ಲ, ಒಂದು ಟೆಂಟ್ ತೆಗೆದುಬಿಡಿ.” ಸರಿ ಅಂತ ಅದೇ ಫೋನಿನಲ್ಲಿ ಆ ಬುಕಿಂಗ್ ತೆರೆದು ಕ್ಯಾನ್ಸಲ್ ಒತ್ತಿದೆ. ಒಂದು ಪ್ರಶ್ನೆ ಬಂತು. ಇದೊಂದೇ ತೆಗೆಯಬೇಕಾ, ಲಿಂಕ್ ಆಗಿರುವ ಎಲ್ಲವನ್ನೂ ತೆಗೆಯಬೇಕಾ? ಎರಡನೆಯದಕ್ಕೆ ಮೊದಲೇ ಟಿಕ್ ಬಿದ್ದಿತ್ತು. ನಾನು ಓದಲಿಲ್ಲ. ಓಕೆ ಒತ್ತಿ ಮತ್ತೆ ಒಲೆ ಕಡೆ ತಿರುಗಿದೆ.

ಹನ್ನೊಂದೂ ಟೆಂಟ್ ಖಾಲಿಯಾದವು. ಆನ್‌ಲೈನಿನಲ್ಲಿ ಜಾಗ ಕಾಣಿಸಿದ್ದೇ ತಡ, 5 ಮತ್ತು 6ನೇ ಟೆಂಟನ್ನು ಬೇರೆ ಇಬ್ಬರು ಹಿಡಿದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹನ್ನೊಂದು ಮನೆಗೂ ‘ನಿಮ್ಮ ಬುಕಿಂಗ್ ರದ್ದಾಗಿದೆ’ ಅಂತ ಮೆಸೇಜ್ ಹೋಗಿತ್ತು. ಸಂಜೆ ಆ ಮನೆಯ ಹಿರಿಯರೊಬ್ಬರು ಫೋನ್ ಮಾಡಿದರು. ಸಿಟ್ಟಿರಲಿಲ್ಲ, ದನಿ ಸಣ್ಣದಾಗಿತ್ತು. “ಯಾಕಮ್ಮ, ನಾವು ಬರೋದು ಬೇಡ್ವಾ?” ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮೊದಲು ಆನ್‌ಲೈನ್ ಬುಕಿಂಗ್ ನಿಲ್ಲಿಸಿದೆ. ಆಮೇಲೆ ಹೊಸಬರಿಬ್ಬರಿಗೂ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ಹೇಳಿ, 16 ಮತ್ತು 17ಕ್ಕೆ ಬರಲು ಒಪ್ಪಿಸಿದೆ. ರಾತ್ರಿ ಊಟ ನಮ್ಮ ಕಡೆಯಿಂದ ಅಂದೆ. ಕೊನೆಗೆ ಹತ್ತು ಟೆಂಟ್ ಮತ್ತೆ ಹಾಕಿ, ಲಿಂಕ್ ಮಾಡಿ, ಹತ್ತೂ ಮನೆಗೆ ನಾನೇ ಮಾತಾಡಿದೆ. ಮೆಸೇಜ್ ಕಳಿಸಲಿಲ್ಲ. ಅಂಥ ಹೊತ್ತಿನಲ್ಲಿ ದನಿ ಕೇಳಿಸಬೇಕು.

ಅವತ್ತಿನಿಂದ ಕ್ಯಾನ್ಸಲ್ ಅನ್ನುವುದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಆ ಪ್ರಶ್ನೆ ಬಂದಾಗ ಬಾಯಿಬಿಟ್ಟು ಓದುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಗುಂಪು ರದ್ದು ಮಾಡುವ ಅಧಿಕಾರ ನನ್ನ ಲಾಗಿನ್‌ಗೆ ಬಿಟ್ಟು ಬೇರೆ ಯಾರಿಗೂ ಇಟ್ಟಿಲ್ಲ, ಮೈದುನನಿಗೂ ಇಲ್ಲ. ತಾನಾಗಿ ಹೋಗುವ ಮೆಸೇಜ್ ಮುಂದಾಳಿಗೆ ಮಾತ್ರ ಹೋಗುತ್ತದೆ.

ಜಾಗದ ಹಂಚಿಕೆಯಲ್ಲೂ ಒಂದು ಪಾಠವಾಯಿತು. ಯಾರೋ ಒಬ್ಬರು ಇನ್ನೊಂದು ರಾತ್ರಿ ಉಳಿಯುತ್ತೇವೆ ಅಂದರೆ, ಅವರಿಗೆ ಜಾಗ ಹೊಂದಿಸಲು ಸಾಫ್ಟ್‌ವೇರ್ ಬೇರೆಯವರ ಟೆಂಟ್ ನಂಬರ್ ತಾನೇ ಬದಲಾಯಿಸುತ್ತದೆ. ಅದಕ್ಕೆ ಎಲ್ಲ ಟೆಂಟೂ ಒಂದೇ. ನಮಗೆ ಹಾಗಲ್ಲ. 3ನೇ ಟೆಂಟ್ ಟಾಯ್ಲೆಟ್ ಪಕ್ಕ, 15 ಹೊಲದ ಆ ತುದಿ. ಮಂಡಿ ನೋವಿನ ಅಜ್ಜಿಗೆ ಅಂತ ಇಟ್ಟಿದ್ದ 3 ಹೀಗೆ 15 ಆಗಿಬಿಟ್ಟಿತು. ರಾತ್ರಿ ಎರಡು ಗಂಟೆಗೆ ಆ ಅಜ್ಜಿ ಮೊಮ್ಮಗಳ ಭುಜ ಹಿಡಿದು, ಟಾರ್ಚ್ ಬೆಳಕಿನಲ್ಲಿ, ಕಲ್ಲು ಹಾಸಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುವುದನ್ನು ನೋಡಿದೆ. ಓಡಿಹೋಗಿ ಇನ್ನೊಂದು ಕೈ ಹಿಡಿದೆ. ಈಗ ಅಂಥ ಬುಕಿಂಗಿಗೆ ಲಾಕ್ ಹಾಕುತ್ತೇನೆ, ಕಾರಣವನ್ನೂ ಬರೆಯುತ್ತೇನೆ: ‘ಅಜ್ಜಿ, ಮಂಡಿ ನೋವು, ಕದಲಿಸಬಾರದು’. ಹಾಗಂತ ಎಲ್ಲದಕ್ಕೂ ಲಾಕ್ ಹಾಕಬಾರದು. ಹಾಕಿದರೆ ಸಾಫ್ಟ್‌ವೇರಿಗೆ ಹೊಂದಿಸಲು ಜಾಗವೇ ಉಳಿಯಲ್ಲ. ಟೆಂಟ್ ಖಾಲಿ ಇದ್ದರೂ ಇಲ್ಲ ಅನ್ನುತ್ತದೆ.

ಹಣದ ವಿಷಯದಲ್ಲಿ ಮೊದಲ ಫೋನಿನಲ್ಲೇ ಕೇಳಿಬಿಡುತ್ತೇನೆ: “ಎಲ್ಲಾ ಒಬ್ರೇ ಕೊಡ್ತೀರಾ, ಮನೆಮನೆಗೂ ಬೇರೆನಾ?” ಇದನ್ನು ಕೇಳದೆ ಒಮ್ಮೆ ಎಡವಟ್ಟಾಗಿತ್ತು. ಮುಂದಾಳು ಹನ್ನೊಂದು ಟೆಂಟಿಗೆ ಅಂತ 11,000 ಅಡ್ವಾನ್ಸ್ ಕಳಿಸಿದ್ದರು. ಅದೆಲ್ಲ ಮೇನ್ ಬುಕಿಂಗಿನಲ್ಲೇ ಕೂತಿತ್ತು. ಉಳಿದ ಹತ್ತು ಟೆಂಟಿಗೆ ಕೆಂಪಕ್ಷರದಲ್ಲಿ ಪೂರ್ತಿ ಬಾಕಿ. ಮೈದುನ ಗೇಟಿನಲ್ಲಿ ನಿಂತು ಒಬ್ಬರನ್ನು ದುಡ್ಡು ಕೇಳಿದ. “ನಮ್ಮ ಭಾವ ಕೊಟ್ಟಿದಾರಲ್ಲಪ್ಪಾ” ಅಂದರು ಅವರು. ಹಿಂದೆ ಅವರ ಬೀಗರೇ ನಿಂತಿದ್ದರು. ಅವರ ಮುಖ ಬಾಡಿತು. ಈಗ ಅಡ್ವಾನ್ಸ್ ಬಂದ ದಿನವೇ ಟೆಂಟಿಗೆ 1,000ದಂತೆ ಎಲ್ಲದಕ್ಕೂ ಹಂಚಿಬಿಡುತ್ತೇನೆ. ಯುಪಿಐನಲ್ಲಿ ಬರುವ ಹೆಸರು ಎಷ್ಟೋ ಸಲ ಮಗನದ್ದೋ ಸೊಸೆಯದ್ದೋ ಆಗಿರುತ್ತದೆ. ಅದಕ್ಕೆ ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ. ಊಟದ ಬಿಲ್ ಮಾತ್ರ ಮೇನ್ ಬುಕಿಂಗಿನಲ್ಲೇ ಇರಲಿ. ಒಂದೇ ಪಂಕ್ತಿಯಲ್ಲಿ ಕೂತು ಉಂಡವರ ಮುದ್ದೆ ಎಣಿಸಿ ಬೇರೆ ಬೇರೆ ಬಿಲ್ ಮಾಡುವುದು ನಮ್ಮ ಕಡೆ ಯಾರಿಗೂ ಹಿಡಿಸಲ್ಲ.

ಜನರ ಲೆಕ್ಕವನ್ನು ಆಯಾ ಟೆಂಟಿನಲ್ಲೇ ಹಾಕಿ. ನಾನು ಮೇನ್ ಬುಕಿಂಗಿನಲ್ಲಿ ಇಡೀ ಗುಂಪಿನ 42 ಜನ ಅಂತ ಹಾಕಿ, ಕೆಳಗೆ ಟೆಂಟ್ ಟೆಂಟಿಗೂ ಹಾಕಿದ್ದೆ. ಅಡುಗೆಮನೆ ಚೀಟಿಯಲ್ಲಿ 80ರ ಹತ್ತಿರ ಬಂತು. ಸಂಜೆಯ ಮಂಡಕ್ಕಿ, ಮಿರ್ಚಿ ಎರಡರಷ್ಟು ತಯಾರಾದವು. ಈಗ ಮೇನ್‌ನಲ್ಲಿ ಮುಂದಾಳಿನ ಟೆಂಟಿನವರಷ್ಟೇ. ಗುರುತಿನ ಚೀಟಿಯೂ ಹಾಗೆಯೇ, ಪ್ರತಿಯೊಬ್ಬರದೂ ಅವರವರ ಟೆಂಟಿಗೆ. ವಿದೇಶದವರು ಇದ್ದರೆ ಅವರು ಉಳಿದಿರುವ ವಿವರವನ್ನು (ಮೊದಲು ಫಾರಂ ಸಿ ಅನ್ನುತ್ತಿದ್ದದ್ದು) 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಅದು ಒಬ್ಬೊಬ್ಬರಿಗೂ ಬೇರೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೋಟೆ ಹತ್ತಲು ಹೊರಡುವ ಗುಂಪಿನ ಹತ್ತಿರ ಇದನ್ನೆಲ್ಲ ಕೇಳಲು ಆಗಲ್ಲ, ರಾತ್ರಿ ಊಟಕ್ಕೆ ಮುಂಚೆ ಮುಗಿಸಿಬಿಡಿ.

ತೇರಿನ ವಾರ ಕ್ಯಾಲೆಂಡರ್ ತೆರೆದು ಕೂತಿದ್ದೆ. ಗುಂಪಿನ ಬಣ್ಣ ಆರಿಸಿಕೊಳ್ಳಲು ಅವಕಾಶ ಇದೆ, ನಾನು ಕೆಂಪನ್ನೇ ಇಟ್ಟಿದ್ದೇನೆ. ಮಾವ ಹಿಂದಿನಿಂದ ಬಂದು ಕನ್ನಡಕ ಏರಿಸಿಕೊಂಡು ನೋಡಿದರು. ನೋಟ್‌ಬುಕ್ ಮೇಲೆ ಆಡಿಸುತ್ತಿದ್ದ ಹಾಗೇ ಬೆರಳನ್ನು ಪರದೆಯ ಮೇಲೆ ಕೆಳಗೆ ಇಳಿಸಿದರು. ಬೆರಳು ಒಂಬತ್ತರ ಹತ್ತಿರ ನಿಂತಿತು.

“ಇದೊಂದು ಯಾಕಮ್ಮ ಗೆರೆ ಬಿಟ್ಟು ಹೊರಗಿದೆ? ಇವರೂ ಅದೇ ಊರಿನವರಲ್ವಾ?”

ತೆರೆದು ನೋಡಿದೆ. ಹೌದು, ಅದೇ ಮನೆತನ. ತಡವಾಗಿ ಮನಸ್ಸು ಮಾಡಿ, ಆನ್‌ಲೈನಿನಲ್ಲಿ ತಾವೇ ಬುಕ್ ಮಾಡಿಕೊಂಡಿದ್ದರು. ಮುಂದಾಳಿಗೆ ಫೋನ್ ಹಚ್ಚಿ ಕೇಳಿದೆ. “ಅಯ್ಯೋ, ನಮ್ಮ ಚಿಕ್ಕಪ್ಪನ ಮಗ ಅಕ್ಕಾ, ನಮ್ಮ ಜೊತೆಗೇ ಹಾಕಿ” ಅಂದರು. ಒಂಬತ್ತನ್ನು ಲಿಂಕ್ ಮಾಡಿದೆ, ಕೆಂಪಾಯಿತು. ಊಟದ ಲೆಕ್ಕಕ್ಕೆ ನಾಲ್ಕು ಎಲೆ ಸೇರಿದವು.