ನಡುನೆತ್ತಿಯ ಮೂಳೆ ಒಳಗೆ ಕುಸಿದಾಗ

ನೆತ್ತಿಯ ಮೂಳೆ ಒಳಕ್ಕೆ ಕುಸಿದವರನ್ನು ಕರೆತಂದಾಗ ಸಿ.ಟಿ.ಯಲ್ಲಿ ನಾನು ಮೊದಲು ಹುಡುಕುವುದು, ಚೂರು ಸಜಿಟಲ್ ಸೈನಸ್ ಮೇಲೆ ಕೂತಿದೆಯಾ ಅಂತ. ಮಿದುಳಿನಿಂದ ಹೃದಯಕ್ಕೆ ವಾಪಸ್ಸಾಗುವ ರಕ್ತದ ದೊಡ್ಡ ದಾರಿ ಅದು, ಹಣೆಯಿಂದ ಹಿಂದಲೆವರೆಗೆ ನಟ್ಟನಡುವೆ ಮೂಳೆಯ ಕೆಳಗೇ ಸಾಗುತ್ತದೆ. ಎಷ್ಟೋ ಸಲ ಸೈನಸ್‌ಗೆ ಚುಚ್ಚಿಕೊಂಡ ಚೂರೇ ತಾನು ಮಾಡಿದ ತೂತಿಗೆ ಬಿರಡೆಯಾಗಿರುತ್ತದೆ. ಎತ್ತಿದರೆ ರಕ್ತ ನುಗ್ಗಿ ಬರುತ್ತದೆ.

ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಚರ್ಮ ಹರಿದಿಲ್ಲ, ಪ್ರಜ್ಞೆ ಚೆನ್ನಾಗಿದೆ, ಕೈಕಾಲು ಆಡುತ್ತಿವೆ ಅಂದರೆ ಸುಮ್ನೆ ಕೈ ಹಾಕದೆ ನಿಗಾ ಇಟ್ಟು ಕಾಯುತ್ತೇನೆ.

ಬೈಕ್‌ನಿಂದ ಬಿದ್ದು ನನ್ನ ಬಳಿ ಬಂದ ಒಬ್ಬ ಹುಡುಗನ ಸ್ಥಿತಿ ಬೇರೆ. ಗಾಯ ತೆರೆದಿತ್ತು, ಬಲಗಾಲು ಎತ್ತಲು ಆಗುತ್ತಿರಲಿಲ್ಲ, ಪ್ರಜ್ಞೆಯೂ ಇಳಿಯುತ್ತಿತ್ತು. ಪೆಟ್ಟು ಸೈನಸ್‌ನ ನಡುಭಾಗಕ್ಕೆ. ಮುಂದಿನ ಮೂರನೇ ಒಂದು ಭಾಗವಾದರೆ ಅನಿವಾರ್ಯವಾದಾಗ ಕಟ್ಟಿಬಿಡಬಹುದು, ಇಲ್ಲಿ ಕಟ್ಟಿದರೆ ರಕ್ತಕ್ಕೆ ಹೊರಹೋಗಲು ದಾರಿ ಸಿಗದೆ ಮಿದುಳು ಊದಿಕೊಳ್ಳುವ ಅಪಾಯ ಜಾಸ್ತಿ. ಹಾಗಾಗಿ ಸರಿಪಡಿಸಲೇಬೇಕಿತ್ತು.

ಕ್ರಾಸ್‌ಮ್ಯಾಚ್ ಆದ, ಅಂದರೆ ರೋಗಿಗೆ ಹೊಂದುತ್ತದೆ ಅಂತ ಪರೀಕ್ಷಿಸಿದ ರಕ್ತ ಥಿಯೇಟರ್ ಒಳಗೆ ಬರುವ ತನಕ ನಾನು ಮೂಳೆ ಮುಟ್ಟುವುದಿಲ್ಲ, ಎಷ್ಟೇ ಅವಸರವಿರಲಿ. ಅನಸ್ತೇಶಿಯಾ ಡಾಕ್ಟರ ಜೊತೆ ಮಾತೂ ಮೊದಲೇ ಆಗಬೇಕು. ತಲೆ ಎತ್ತರಿಸಿದರೆ ರಕ್ತ ಸೋರುವುದು ಕಡಿಮೆಯಾಗುತ್ತದೆ, ಆದರೆ ಜಾಸ್ತಿ ಎತ್ತರಿಸಿದರೆ ಅದೇ ತೂತಿನಿಂದ ಗಾಳಿ ಒಳಗೆಳೆದುಕೊಂಡು ಹೃದಯಕ್ಕೆ ಹೋಗುತ್ತದೆ. ಎಂಡ್ ಟೈಡಲ್ ಕಾರ್ಬನ್ ಡೈಆಕ್ಸೈಡ್ (ಬಿಟ್ಟ ಉಸಿರಿನ ಕೊನೆಯಲ್ಲಿ ಅಳೆಯುವ ಅದರ ಮಟ್ಟ) ದಿಢೀರನೆ ಇಳಿದರೆ ಗಾಳಿ ಹೊಕ್ಕಿರುವ ಸೂಚನೆ, ತಕ್ಷಣ ಹೇಳಿ ಸರ್ ಅಂತ ಕೇಳಿಕೊಂಡಿರುತ್ತೇನೆ. ಆಗ ಗಾಯದ ಮೇಲೆ ಸಲೈನ್ ಸುರಿದು ತಲೆ ತಗ್ಗಿಸುತ್ತೇವೆ.

ಚೂರನ್ನು ನೇರವಾಗಿ ಕೀಳಬಾರದು. ಎರಡೂ ಪಕ್ಕ ಗಟ್ಟಿ ಮೂಳೆಯಲ್ಲಿ ತೂತು ಕೊರೆದು, ಸುತ್ತಲೂ ಅಗಲವಾಗಿ ಬಿಡಿಸಿ, ಅಂಚಿನ ಚೂರುಗಳನ್ನು ತೆಗೆದು, ಸೈನಸ್ ಮೇಲಿನದನ್ನು ಕಟ್ಟಕಡೆಗೆ ಎತ್ತಿದೆ. ರಕ್ತ ಉಕ್ಕಿತು. ಬೆರಳಿಟ್ಟೆ. ರಕ್ತ ನಿಲ್ಲಿಸುವ ಸ್ಪಂಜಿನಂಥ ಜೆಲ್‌ಫೋಮ್, ಅದರ ಮೇಲೆ ಒದ್ದೆ ಹತ್ತಿಯ ಪ್ಯಾಟಿ, ಹಗುರವಾಗಿ ಒತ್ತಿ ಹಿಡಿದು ಕಾಯುವುದು. ಇಲ್ಲಿ ತಾಳ್ಮೆಯೇ ಮುಖ್ಯ, ಸಿರೆಯ ರಕ್ತದ ಒತ್ತಡ ಕಡಿಮೆ ಇರುವುದರಿಂದ ಬೆರಳಿಗೆ ಬಗ್ಗುತ್ತದೆ. ಗಾಬರಿಯಾಗಿ ಬೈಪೋಲಾರ್ ಎಂಬ ವಿದ್ಯುತ್ ಚಿಮಟದಲ್ಲಿ ಸುಡಲು ಹೋದರೆ ಡ್ಯೂರಾ (ಮಿದುಳಿನ ಗಟ್ಟಿ ಹೊರಪೊರೆ, ಸೈನಸ್‌ನ ಗೋಡೆಯೂ ಅದೇ) ಮುದುಡಿ ತೂತು ಇನ್ನೂ ಅಗಲವಾಗುತ್ತದೆ. ಜೆಲ್‌ಫೋಮನ್ನು ಸೈನಸ್ ಒಳಗೆ ತುರುಕಲೂಬಾರದು, ದಾರಿಯೇ ಕಟ್ಟಿಹೋದೀತು. ರಕ್ತ ಹಿಡಿತಕ್ಕೆ ಬಂದ ಮೇಲೆ ತಲೆಬುರುಡೆಯ ಮೇಲ್ಪೊರೆಯ ತುಂಡೊಂದನ್ನು ತೇಪೆಯಿಟ್ಟು ಪ್ರೊಲೀನ್ ದಾರದಲ್ಲಿ ಹೊಲಿದು, ಡ್ಯೂರಾವನ್ನು ಮೂಳೆಯ ಅಂಚಿಗೆ ಎಳೆದು ಕಟ್ಟಿದೆ.

ಆಮೇಲೂ ನಿಶ್ಚಿಂತೆ ಇಲ್ಲ. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೇ ಮೈಯಲ್ಲಿ ನೀರಿನಂಶ ಇಳಿಯದಂತೆ ನೋಡಿಕೊಂಡು ಸಿರೆಗಳಲ್ಲಿ ರಕ್ತ ಹರಿಯುವುದನ್ನು ತೋರಿಸುವ ವೀನೋಗ್ರಾಂ ಸ್ಕ್ಯಾನ್ ಮಾಡಿಸಿದೆವು. ಸೈನಸ್ ತೆರೆದೇ ಇತ್ತು. ಕಾಲಿಗೆ ಶಕ್ತಿ ಬರಲು ತಿಂಗಳುಗಳೇ ಹಿಡಿದವು, ಫಿಸಿಯೋಥೆರಪಿ ಬಿಡದೆ ಮಾಡಿಸಿದ್ದು ಅವರಮ್ಮ.