ಅರ್ಧಕ್ಕೆ ನಿಂತ ಲಿನಕ್ಸ್ ಇನ್‌ಸ್ಟಾಲ್: ತೊಂದರೆ ಎಲ್ಲಿತ್ತು, ಹೇಗೆ ಹುಡುಕಿದೆ

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದಾದ ಮೇಲೆ ಇಲ್ಲಿ ದಾವಣಗೆರೆಯಲ್ಲಿ ನನ್ನ ನೆಂಟರು, ಪರಿಚಯದವರು "ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡಪ್ಪಾ" ಅಂತ ಕೇಳುವುದು ಜಾಸ್ತಿಯಾಗಿದೆ. ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ, ಆದರೆ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು. ನಮ್ಮ ಮನೆಗಳಲ್ಲಿ ಇರುವ ಎಷ್ಟೋ ಡೆಸ್ಕ್‌ಟಾಪ್‌ಗಳು ಅದಕ್ಕಿಂತ ಹಳೆಯವು. ಆದರೂ ಚೆನ್ನಾಗಿ ಓಡುತ್ತವೆ. ಅವನ್ನು ಗುಜರಿಗೆ ಹಾಕುವುದು ನನಗೆ ಇಷ್ಟವಿಲ್ಲ.

ಹತ್ತರಲ್ಲಿ ಎಂಟು ಕಡೆ ಇನ್‌ಸ್ಟಾಲ್ ತಂಟೆಯಿಲ್ಲದೆ ಮುಗಿಯುತ್ತದೆ. ಮುಗಿಯದೆ ಮಧ್ಯದಲ್ಲಿ ನಿಂತಾಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಮತ್ತೆ ಮೊದಲಿಂದ ಶುರು ಮಾಡುತ್ತಾರೆ, ಇಲ್ಲವೇ "ಡಿಸ್ಕ್ ಹೋಗಿದೆ" ಎಂದು ಹೊಸದನ್ನು ತರುತ್ತಾರೆ. ಇವೆರಡರ ನಡುವೆ ಮಾಡಬೇಕಾದ ಕೆಲಸ ಬೇರೆಯೇ ಇದೆ. ನಿಟುವಳ್ಳಿಯಲ್ಲಿರುವ ನಮ್ಮ ಸೋದರಮಾವನ ಮನೆಯ ಕಂಪ್ಯೂಟರಿನಲ್ಲಿ ಅದನ್ನು ನಾನು ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೂರನೇ ಪೀಳಿಗೆಯ ಕೋರ್ ಐ3, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್. ಮಾವ ನಿವೃತ್ತ ಮೇಷ್ಟ್ರು. ವರ್ಷಗಟ್ಟಲೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು ಅದರಲ್ಲಿವೆ. ಹಾಗಾಗಿ ವಿಂಡೋಸ್ ಇರಬೇಕು, ಅದರ ಪಕ್ಕದಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಬರಬೇಕು ಅಂತ ಮಾತಾಗಿತ್ತು. 4 ಜಿಬಿ ಇರುವ ಮಷೀನಿಗೆ ನನ್ನ ಆಯ್ಕೆ ಯಾವಾಗಲೂ ಎಕ್ಸ್‌ಎಫ್‌ಸಿಇ, ಅದು ಹಗುರ.

"ನನ್ನ ಫೋಟೋ ಎಲ್ಲಾ ಹೋಗಲ್ಲ ಅಲ್ವಾ?" ಎಂದು ಅತ್ತೆ ಮೊದಲೇ ಕೇಳಿದ್ದರು. ಫೋಟೋ, ಕಡತ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದ ಮೇಲೆಯೇ ಕೈಹಾಕಿದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡ್ರೈವ್ ಅರ್ಧ ತೆರೆದ ಸ್ಥಿತಿಯಲ್ಲಿ ಉಳಿಯುತ್ತದೆ. ಆಗ ಲಿನಕ್ಸ್ ಆ ಡ್ರೈವನ್ನು ಮುಟ್ಟಲು ಹಿಂಜರಿಯುತ್ತದೆ, ಅದು ಸರಿಯೂ ಹೌದು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಡಿ ಡ್ರೈವ್ ಕುಗ್ಗಿಸಿ ಕೊನೆಯಲ್ಲಿ ಖಾಲಿ ಜಾಗ ಬಿಟ್ಟೆ. ಈ ಕೆಲಸ ನಡೆಯುವಾಗ ಕರೆಂಟ್ ಹೋದರೆ ಡೇಟಾಕ್ಕೇ ಕುತ್ತು. ಯುಪಿಎಸ್ ಇಲ್ಲದ ಮನೆಯಲ್ಲಿ ನಾನು ಇದನ್ನು ಮಾಡುವುದೇ ಇಲ್ಲ.

ಮಿಂಟ್ ಬರೆದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ಇನ್‌ಸ್ಟಾಲ್ ಶುರು ಮಾಡಿದೆ. ಫೈಲ್ ಕಾಪಿ ಆಗುತ್ತಿದ್ದ ಹಾಗೆ ಗೆರೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಒಂದು ಕಿಟಕಿ ಬಂತು: ಎರ್‌ನೋ 5, ಇನ್‌ಪುಟ್ ಔಟ್‌ಪುಟ್ ಎರರ್.

ಈ ಕಿಟಕಿಯ ಮೊದಲ ಸಾಲು ಓದಿ ಓಕೆ ಒತ್ತುವವರೇ ಹೆಚ್ಚು. ಕೆಳಗಿನದನ್ನೂ ಓದಬೇಕು. ಸಿಡಿ ಇಲ್ಲವೇ ಡ್ರೈವ್ ಕೆಟ್ಟಿರಬಹುದು, ಹಾರ್ಡ್ ಡಿಸ್ಕ್ ಹಳೆಯದಾಗಿರಬಹುದು, ಕಂಪ್ಯೂಟರನ್ನು ತಂಪಾದ ಜಾಗಕ್ಕೆ ಸಾಗಿಸಿ ನೋಡಿ ಎಂದು ಅಲ್ಲಿ ಬರೆದಿರುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಕೊನೆಯ ಮಾತನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. ಕ್ಯಾಬಿನೆಟ್ ಬಾಗಿಲು ತೆಗೆದೆ. ಪ್ರೊಸೆಸರ್ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಮಧ್ಯೆ ಧೂಳು ಕಂಬಳಿಯಂತೆ ಕೂತಿತ್ತು. ಬ್ರಷ್ ಹಾಕಿ ತೆಗೆದು, ಬೆಳಗ್ಗೆ ತಂಪು ಹೊತ್ತಿನಲ್ಲಿ ಮತ್ತೆ ಹಚ್ಚಿದೆ. ಮಷೀನ್ ಮೊದಲಿಗಿಂತ ತಣ್ಣಗೆ ಓಡಿತು. ಎರರ್ ಮಾತ್ರ ಹೋಗಲಿಲ್ಲ.

"ಮತ್ತೆ ನಿಂತ್ಕಂತೇನೋ?" ಎಂದರು ಮಾವ.

"ನಿಂತಿದೆ ಮಾವ. ಇರಿ, ಈ ಸಲ ಯಾರು ತಡೀತಿದಾರೆ ಅಂತ ಅದನ್ನೇ ಕೇಳೋಣ."

ಮಿಂಟ್ ಪೆನ್‌ಡ್ರೈವಿನಿಂದ ಏಳುವಾಗ ಒಂದು ಪೂರ್ತಿ ಲಿನಕ್ಸ್ ಓಡುತ್ತಿರುತ್ತದೆ. ಅದರ ಟರ್ಮಿನಲ್ ತೆರೆದು ಸುಡೊ, ಆಮೇಲೆ ಡಿ-ಎಂ-ಇ-ಎಸ್-ಜಿ ಅಕ್ಷರಗಳ ಆದೇಶ ಕೊಟ್ಟರೆ, ಕರ್ನೆಲ್ (ಲಿನಕ್ಸಿನ ತಿರುಳು, ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗ) ಏನೇನು ಕಂಡಿತೋ ಅದೆಲ್ಲ ಸಾಲುಸಾಲಾಗಿ ಬರುತ್ತದೆ. ಕೊನೆಗೆ ಮೈನಸ್ ಡಬ್ಲ್ಯೂ ಸೇರಿಸಿದರೆ ಹೊಸ ಸಾಲುಗಳು ಆಗಾಗಲೇ ಕಾಣುತ್ತವೆ. ಪಕ್ಕದಲ್ಲಿ ಆ ಕಿಟಕಿ ತೆರೆದಿಟ್ಟು ಇನ್‌ಸ್ಟಾಲ್ ಹಚ್ಚುವುದು ನನ್ನ ಪದ್ಧತಿ. ನೋಡಬೇಕಾದ್ದು ಒಂದೇ: ದೂರು ಯಾವ ಡ್ರೈವಿನ ಮೇಲೆ ಬರುತ್ತಿದೆ? ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿರುತ್ತವೆ. ಯಾವುದು ಪೆನ್‌ಡ್ರೈವ್, ಯಾವುದು ಒಳಗಿನ ಡಿಸ್ಕ್ ಅಂತ ಊಹೆ ಮಾಡಬೇಡಿ. ಎಲ್-ಎಸ್-ಬಿ-ಎಲ್-ಕೆ ಎಂದು ಟೈಪ್ ಮಾಡಿದರೆ ಗಾತ್ರದ ಸಮೇತ ತೋರಿಸುತ್ತದೆ.

ಸ್ಕ್ವಾಷ್‌ಎಫ್‌ಎಸ್ ಎರರ್ ಎಂಬ ಸಾಲು ಬಂದರೆ ತೊಂದರೆ ಪೆನ್‌ಡ್ರೈವಿನ ಕಡೆ. ಮಿಂಟ್‌ನ ಫೈಲ್‌ಗಳೆಲ್ಲ ಆ ಹೆಸರಿನ ಒಂದೇ ಗಂಟಿನಲ್ಲಿ ಇರುತ್ತವೆ. ಅದನ್ನು ಓದಲು ಆಗುತ್ತಿಲ್ಲ ಅಂತ ಅರ್ಥ. ಡೌನ್‌ಲೋಡ್ ಸರಿಯಾಗಿದೆಯೋ ಅಂತ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ, ಬೇರೆ ಪೆನ್‌ಡ್ರೈವಿಗೆ ಬರೆದುಕೊಂಡರೆ ಮುಗಿಯಿತು. ಇಲ್ಲಿ ಅಂಥ ಸಾಲು ಒಂದೂ ಇರಲಿಲ್ಲ.

ಬಂದದ್ದು ಬೇರೆ. ಎಟಿಎ1 ಎಂದು ಶುರುವಾಗುವ ಸಾಲುಗಳು, ಒಂದರ ಹಿಂದೆ ಒಂದು. ಎಟಿಎ1 ಅಂದರೆ ಒಳಗಿನ ಡಿಸ್ಕ್ ಸಿಕ್ಕಿಸಿದ ಪೋರ್ಟ್. ಬರೆಯುವ ಆದೇಶ ವಿಫಲ. ಎಟಿಎ ಬಸ್ ಎರರ್. ಆವರಣದೊಳಗೆ ಐಸಿಆರ್‌ಸಿ, ಎಬಿಆರ್‌ಟಿ. ಆಮೇಲೆ ಹಾರ್ಡ್ ರೀಸೆಟಿಂಗ್ ಲಿಂಕ್. ಇದೇ ಕೆಲವು ಸಲ ಆದ ಮೇಲೆ, ಸಾಟಾ ಲಿಂಕಿನ (ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಕೊಂಡಿ) ವೇಗವನ್ನು 1.5 ಜಿಬಿಪಿಎಸ್‌ಗೆ ಇಳಿಸುತ್ತಿದ್ದೇನೆ ಎಂಬ ಸಾಲು. ಈ ಬೋರ್ಡಿನಲ್ಲಿ ಅದು 3 ಇರಬೇಕಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಡಿಸ್ಕಿನ ತಟ್ಟೆಯೇ ಕೆಟ್ಟಿದ್ದರೆ ಕರ್ನೆಲ್ ಮೀಡಿಯಾ ಎರರ್ ಅನ್ನುತ್ತದೆ, ಆವರಣದಲ್ಲಿ ಯುಎನ್‌ಸಿ ಎಂದು ಬರುತ್ತದೆ. ಹಾಗೆ ಬಂದರೆ ಡಿಸ್ಕಿನ ಕಾಲ ಮುಗಿಯುತ್ತ ಬಂದಿದೆ, ಡೇಟಾ ತೆಗೆದುಕೊಂಡು ಬದಲಾಯಿಸಬೇಕು. ಐಸಿಆರ್‌ಸಿ ಹಾಗಲ್ಲ. ಅದು ದಾರಿಯ ತೊಂದರೆ. ಡೇಟಾ ಹೊರಡುವಾಗ ಜೊತೆಗೆ ಒಂದು ಲೆಕ್ಕವೂ ಹೊರಡುತ್ತದೆ. ಎಪಿಎಂಸಿಗೆ ಮೆಕ್ಕೆಜೋಳದ ಲಾರಿ ಬಂದಾಗ ಚೀಟಿಯಲ್ಲಿರುವ ಚೀಲದ ಲೆಕ್ಕಕ್ಕೂ ಇಳಿಸಿದ ಚೀಲಕ್ಕೂ ತಾಳೆ ನೋಡುತ್ತಾರಲ್ಲ, ಹಾಗೆ ಈ ಕಡೆಯವರೂ ಲೆಕ್ಕ ಹಾಕಿ ನೋಡುತ್ತಾರೆ. ತಾಳೆಯಾಗದಿದ್ದರೆ ವಾಪಸ್, ಮತ್ತೆ ಕಳಿಸು. ಹೊರಟ ಜಾಗವೂ ಸರಿ, ತಲುಪುವ ಜಾಗವೂ ಸರಿ ಇದ್ದು ಲೆಕ್ಕ ಮಾತ್ರ ತಪ್ಪುತ್ತಿದೆ ಅಂದರೆ ಅನುಮಾನ ಬರಬೇಕಾದ್ದು ಮಧ್ಯದ ಕೇಬಲಿನ ಮೇಲೆ.

ಅನುಮಾನ ಒಂದೇ ಸಾಲದು. ಮಿಂಟ್‌ನಲ್ಲಿ ಡಿಸ್ಕ್ಸ್ ಎಂಬ ಆ್ಯಪ್ ಇದೆ. ಅದರ ಮೆನುವಿನಲ್ಲಿ ಸ್ಮಾರ್ಟ್ ಡೇಟಾ ಅಂತ ಇರುತ್ತದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಆ ಪಟ್ಟಿ ಅದು. ನಾನು ನೋಡುವುದು 5, 197, 199 ಈ ಮೂರು ಸಾಲು. 5 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಪುಟ್ಟ ಪುಟ್ಟ ಖಾನೆಗಳು). 197 ಅಂದರೆ ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಮಾವನ ಡಿಸ್ಕಿನಲ್ಲಿ ಎರಡೂ ಸೊನ್ನೆ. ಅಷ್ಟು ಹಳೇ ಡಿಸ್ಕಿಗೆ ಇದು ತುಂಬಾ ಒಳ್ಳೆಯ ಲಕ್ಷಣ. 199 ಮಾತ್ರ ದೊಡ್ಡ ಸಂಖ್ಯೆಯಲ್ಲಿತ್ತು. ಅದು ಈ ಸಿಆರ್‌ಸಿ ತಾಳೆ ತಪ್ಪಿದ ಲೆಕ್ಕ. ಚೀಟಿಯಲ್ಲಿ ಬರೆದಿಟ್ಟುಕೊಂಡು ಇನ್‌ಸ್ಟಾಲ್ ಹಚ್ಚಿದೆ. ನಿಂತ ಮೇಲೆ ನೋಡಿದರೆ ಸಂಖ್ಯೆ ಏರಿತ್ತು.

ಇದಕ್ಕೂ ಮುಂಚೆ ಪೇಟೆಯ ಒಂದು ಅಂಗಡಿಯಲ್ಲಿ ಮಾವ ವಿಚಾರಿಸಿದ್ದರು. ಡಿಸ್ಕ್ ಹೋಗಿದೆ, ಎಸ್‌ಎಸ್‌ಡಿ ಹಾಕಿಸಿ ಅಂದಿದ್ದರಂತೆ. ಹಳೇ ಮಷೀನಿಗೆ ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದೇ, ಅಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಬರಲ್ಲ. ಆದರೆ ಇದೇ ಕೇಬಲಿಗೆ ಹೊಸ ಎಸ್‌ಎಸ್‌ಡಿ ಸಿಕ್ಕಿಸಿದ್ದರೆ ಅದೂ ಅರ್ಧಕ್ಕೆ ನಿಲ್ಲುತ್ತಿತ್ತು. ಆಗ ಅನುಮಾನ ಎಲ್ಲಿಗೆ ಹೋಗುತ್ತಿತ್ತು? ಮದರ್‌ಬೋರ್ಡಿಗೆ. ಅಲ್ಲಿಂದ ಹೊಸ ಕಂಪ್ಯೂಟರಿಗೆ. ಅದಕ್ಕೇ ನಾನು ಯಾವಾಗಲೂ ಅಗ್ಗದ ವಸ್ತುವಿನಿಂದ ಶುರು ಮಾಡುತ್ತೇನೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತೇನೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಕೇಬಲ್ ಹೇಗಿತ್ತು ಅಂತ ಹೇಳಬೇಕು. ಕೆಂಪು ಬಣ್ಣದ ಚಪ್ಪಟೆ ಸಾಟಾ ಕೇಬಲ್. ಡಿಸ್ಕಿನ ಕಡೆ ತುದಿಯನ್ನು ಕ್ಯಾಬಿನೆಟ್ ಬಾಗಿಲು ಒತ್ತಿ ಒತ್ತಿ, ಕನೆಕ್ಟರಿನ ಬುಡದಲ್ಲೇ ಮಡಿಕೆ ಬಿದ್ದಿತ್ತು. ಹಿಡಿದುಕೊಳ್ಳುವ ಲೋಹದ ಕ್ಲಿಪ್ ಇಲ್ಲದ ಮಾದರಿ ಅದು. ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಪಿ.ಜೆ. ಬಡಾವಣೆ ಕಡೆ ಹೋಗಿ ಕ್ಲಿಪ್ ಇರುವ ಹೊಸದನ್ನು ತಂದೆ. ಒಂದು ಹೊತ್ತಿನ ಬೆಣ್ಣೆದೋಸೆ ಖರ್ಚಿನಷ್ಟೂ ಆಗಲಿಲ್ಲ. ತುದಿ ನೇರ ಇರುವ ಬದಲು ಎಲ್ ಆಕಾರದ್ದು ಸಿಕ್ಕರೆ ಇಂಥ ಇಕ್ಕಟ್ಟಾದ ಕ್ಯಾಬಿನೆಟ್ಟಿಗೆ ಇನ್ನೂ ಒಳ್ಳೆಯದು, ಬಾಗಿಲು ಒತ್ತುವುದಿಲ್ಲ. ಪವರ್ ತೆಗೆದು, ಪ್ಲಗ್ ಕಿತ್ತು, ಕೇಬಲ್ ಬದಲಾಯಿಸಿದೆ. ಮದರ್‌ಬೋರ್ಡಿನ ಅದೇ ಪೋರ್ಟಿಗೇ ಹಾಕಿದೆ, ಯಾಕಂದ್ರೆ ಪೋರ್ಟ್ ಕೂಡ ಬದಲಾದರೆ ಅದು ಎರಡನೇ ಬದಲಾವಣೆ ಆಗುತ್ತದೆ.

ಈ ಸಲ ಲಿಂಕ್ 3 ಜಿಬಿಪಿಎಸ್‌ಗೆ ಎದ್ದು ಅಲ್ಲೇ ಉಳಿಯಿತು. ಕರ್ನೆಲ್ ಸಾಲುಗಳ ಕಿಟಕಿ ಕೊನೆತನಕ ಸುಮ್ನೆ ಇತ್ತು. ಇನ್‌ಸ್ಟಾಲ್ ಮುಗಿಯಿತು. 199ನೇ ಸಾಲು ಕೇಬಲ್ ಬದಲಾಯಿಸುವ ಮುಂಚೆ ಇದ್ದಷ್ಟೇ ಇತ್ತು. ಈ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ, ಸೊನ್ನೆಯಾಗಲಿ ಅಂತ ಕಾಯಬೇಡಿ. ಏರದಿದ್ದರೆ ಸಾಕು.

ಮಾವ ಆಗ ಒಂದು ಮಾತು ಹೇಳಿದರು. ವಿಂಡೋಸಿನಲ್ಲಿ ಕಂಪ್ಯೂಟರ್ ಆಗಾಗ ಅರ್ಧ ನಿಮಿಷ ಸ್ತಬ್ಧವಾಗಿ ಮತ್ತೆ ನಡೆಯುತ್ತಿತ್ತಂತೆ. ಈಗ ಅದೂ ನಿಂತಿದೆ. ಕೇಬಲಿನ ತೊಂದರೆ ಹಳೆಯದೇ. ದಿನದ ಕೆಲಸದಲ್ಲಿ ಸ್ವಲ್ಪಸ್ವಲ್ಪ ಡೇಟಾ ಹೋಗುವುದರಿಂದ ಮತ್ತೆ ಮತ್ತೆ ಕಳಿಸಿ ಹೇಗೋ ನಡೆಯುತ್ತಿತ್ತು. ಇನ್‌ಸ್ಟಾಲ್ ಅಂದರೆ ಬಿಡುವಿಲ್ಲದ ಬರವಣಿಗೆ, ಅಲ್ಲಿ ಸೋತಿತು. ಲಿನಕ್ಸ್ ಹಾಕುವಾಗಲೇ ಎರರ್ ಬಂತು, ಹಾಗಾಗಿ ಲಿನಕ್ಸಿನದೇ ದೋಷ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಫೈಲ್ ಕಾಪಿಗೂ ಮುಂಚೆ ಇನ್ನೊಂದು ತಡೆ ಬಂದಿತ್ತು. ಬಹಳ ಜನ ಸಿಕ್ಕಿಬೀಳುವುದು ಅಲ್ಲೇ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದು ಬರೀ ಹೆಸರು. ಕಂಪ್ಯೂಟರ್ ಏಳುವ ಎರಡು ರೀತಿ ಇವು: ಯುಇಎಫ್‌ಐ ಹೊಸದು, ಬಯೋಸ್ ಹಳೆಯದು. ಯುಇಎಫ್‌ಐ ಇರುವುದರಿಂದ ಎದ್ದಾಗ ಇನ್‌ಸ್ಟಾಲರ್ ಕೇಳಿತು: ಈಗಾಗಲೇ ಇರುವ ಸಿಸ್ಟಮ್ ಹಳೇ ಬಯೋಸ್ ರೀತಿಯಲ್ಲಿ ಹಾಕಿದ ಹಾಗಿದೆ, ಆದರೂ ಯುಇಎಫ್‌ಐನಲ್ಲೇ ಮುಂದುವರಿಯಲೇ? ಮುಂದುವರಿದರೆ ಆಮೇಲೆ ವಿಂಡೋಸ್ ತೆರೆಯುವುದು ಕಷ್ಟವಾಗಬಹುದು. ಗೋ ಬ್ಯಾಕ್ ಒತ್ತಿ, ಡಿಸ್ಕ್ಸ್ ಆ್ಯಪಿನಲ್ಲಿ ನೋಡಿದೆ. ಮಾಸ್ಟರ್ ಬೂಟ್ ರೆಕಾರ್ಡ್ ಎಂದಿತ್ತು, ಅಂದರೆ ಹಳೇ ರೀತಿ. ರೀಸ್ಟಾರ್ಟ್ ಮಾಡಿ ಬರೀ ಹೆಸರಿನ ಸಾಲು ಆರಿಸಿದೆ, ಆ ಪ್ರಶ್ನೆ ಮತ್ತೆ ಬರಲಿಲ್ಲ. ವಿಂಡೋಸ್ ಯಾವ ರೀತಿಯಲ್ಲಿದೆಯೋ ಲಿನಕ್ಸೂ ಅದೇ ರೀತಿಯಲ್ಲಿ ಹಾಕಿ, ಎರಡೂ ಒಂದೇ ಮೆನುವಿನಲ್ಲಿ ಸಿಗುತ್ತವೆ.

ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಒಂದು ಅರೆಬರೆ ಪಾರ್ಟಿಷನ್ (ಡಿಸ್ಕಿನ ಭಾಗ) ಬಿಟ್ಟು ಹೋಗಿರುತ್ತದೆ. ಮತ್ತೆ ಶುರು ಮಾಡುವಾಗ ಸಂಥಿಂಗ್ ಎಲ್ಸ್ ಆರಿಸಿ, ಅದೇ ಪಾರ್ಟಿಷನ್ ತೆಗೆದುಕೊಂಡು, ಫಾರ್ಮ್ಯಾಟ್‌ಗೆ ಟಿಕ್ ಹಾಕಿ. ಅದು ವಿಂಡೋಸಿನ ಪಾರ್ಟಿಷನ್ ಅಲ್ಲ ಅನ್ನೋದನ್ನು ಗಾತ್ರ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ.

ಮಾವನಿಗೆ ಕನ್ನಡ ಟೈಪಿಂಗ್ ಬೇಕಿತ್ತು. ಐಬಸ್ ಜೊತೆ ಎಂ17ಎನ್ (ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ತಂತ್ರಾಂಶಗಳು) ಹಾಕಿ ಕೆಜಿಪಿ ಕೀಲಿಮಣೆ ಆರಿಸಿಕೊಟ್ಟೆ. ನುಡಿಯಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ. ಹಳೇ ಆಸ್ಕಿ ಕಡತಗಳನ್ನು (ನುಡಿಯ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುವಂಥವು) ಮಾತ್ರ ಎಲ್ಲೆಡೆ ಓದಿಸಿಕೊಳ್ಳುವ ಯೂನಿಕೋಡಿಗೆ ಬದಲಾಯಿಸಬೇಕು. ಅದನ್ನು ವಿಂಡೋಸ್ ಕಡೆ ಕೂತು ನಿಧಾನಕ್ಕೆ ಮಾಡುತ್ತಿದ್ದಾರೆ.

ಆ ಕೆಂಪು ಕೇಬಲನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ನೀವೂ ಹಾಗೇ ಮಾಡಿ. ನೋಡಲು ಚೆನ್ನಾಗಿರುವ ಕೇಬಲ್ ಡಬ್ಬಿಯಲ್ಲಿ ಉಳಿದರೆ, ಮುಂದೊಂದು ದಿನ ಯಾರೋ ಅದನ್ನು ಇನ್ನೊಂದು ಡಿಸ್ಕಿಗೆ ಸಿಕ್ಕಿಸುತ್ತಾರೆ.