ಬೋರ್ ನೀರು, ಪರ್ಸಿ ಕಲ್ಲು ಮತ್ತು ಜರ್ಮನಿಯ ಪ್ಲಸ್ ಚೀಟಿ

ಲಕೋಟೆಯಿಂದ ಬಿಡಿಸಲು ಕಲಬುರಗಿಯ ಬೋರ್ ನೀರಿನಲ್ಲಿ ಅಂಚೆಚೀಟಿ ನೆನೆಹಾಕಿದರೆ ಮುಗೀತು, ಸುಮ್ಮನೆ ಬಳಸದ ಹೊಸ ಚೀಟಿಗಳ ಮಿಂಟ್ ಸೆಟ್ ತರಿಸಿಕೊಳ್ಳಿ ಅಂತ ಇಲ್ಲಿನ ಸಂಗ್ರಾಹಕರು ಹೇಳುತ್ತಲೇ ಬಂದರು. ಅಂಚೆ ದರದ ಮೇಲೆ ನೆರವಿನ ಹಣವನ್ನೂ ಸೇರಿಸಿ ಮಾರುವುದು ಪ್ಲಸ್ ಚೀಟಿ. ಜರ್ಮನಿಯ ಕ್ರೀಡಾ ಪ್ಲಸ್ ಚೀಟಿ ಈಗ ನನ್ನ ಸ್ಟಾಕ್‌ಬುಕ್‌ನಲ್ಲಿ ಮುನ್ನೂರರ ಮೇಲಿವೆ. ಎಲ್ಲವೂ ಮುದ್ರೆ ಬಿದ್ದವು, ಮನೆಯಲ್ಲೇ ತೊಳೆದವು. ಅವರೇ ಈಗ ನನ್ನ ಹತ್ತಿರ ಎರಡೆರಡಿರುವ ಚೀಟಿ ಕೇಳಿಕೊಂಡು ಬರುತ್ತಾರೆ.

ಕಿಲೋವೇರ್, ಅಂದರೆ ಲಕೋಟೆಯ ತುಂಡಿನ ಮೇಲಿರುವಂತೆಯೇ ತೂಕಕ್ಕೆ ಮಾರುವ ಚೀಟಿ, ಒಂದು ಕಿಲೋಗೆ ಸಾಗಾಣಿಕೆ, ಸುಂಕ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು ಬಿತ್ತು. ಮೊದಲ ಕಿಲೋದಲ್ಲಿ ಕ್ರೀಡೆಯ ಪ್ಲಸ್ ಸಿಕ್ಕಿದ್ದು ಎಪ್ಪತ್ತೋ ಎಂಬತ್ತೋ, ಹಾಯಿದೋಣಿಯದು ಬರೀ ನಾಲ್ಕು. ಆ ಕ್ರೀಡಾ ಚೀಟಿಗಳಲ್ಲಿ ಅರ್ಧ ನನ್ನ ಕೈಯಲ್ಲೇ ಕೆಟ್ಟವು.

ನಮ್ಮ ಕಡೆ ಸುಣ್ಣಕಲ್ಲು ಜಾಸ್ತಿ, ನೀರು ಸವಳು. ಚೀಟಿ ಒಣಗಿದ ಮೇಲೆ ಬಿಳಿ ಪುಡಿ ಕೂರುತ್ತದೆ. ತಿಳಿ ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಗಾಢ ನೀಲಿಯ ಮೇಲೆ ಎದ್ದು ಕಾಣುತ್ತದೆ. ಪುಡಿ ಬಿಡಿಸಲು ನಿಂಬೆಹುಳಿ ಹಾಕಿ ನೋಡಿದೆ. ಪುಡಿಯೇನೋ ಹೋಯಿತು, ಜೊತೆಗೆ ಕಾಗದದ ಹೊಳಪೂ ಹೋಯಿತು. ಆ ಹೊಳಪಿನ ಲೇಪದಲ್ಲೂ ಇರುವುದು ಸುಣ್ಣವೇ ಅಲ್ಲವೇ! ಆಮೇಲೆ ಬಟ್ಟೆ ಸೋಪಿನ ಪುಡಿ, ಅದು ಇನ್ನೂ ದೊಡ್ಡ ತಪ್ಪು. ನೋಟು ನೋಡುವ ಯುವಿ ಲೈಟ್ ಹಿಡಿದರೆ ಜರ್ಮನ್ ಕಾಗದ ಹಳದಿ ಛಾಯೆಯಲ್ಲಿ ಮಿನುಗಬೇಕು. ಸೋಪಿನ ಬಿಳುಪುಕಾರಕ ಹತ್ತಿದ ಅರವತ್ತು ಚೀಟಿ ಟ್ಯೂಬ್‌ಲೈಟ್ ಥರ ನೀಲಿ ಹೊಳೆದವು. ಅವನ್ನು ಬೀದಿಯ ಹುಡುಗರಿಗೆ ಕೊಟ್ಟೆ.

ಈಗಿನ ಕ್ರಮ ಹೀಗೆ. ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಲಕೋಟೆ ಬಿಟ್ಟು ಕತ್ತರಿಸುತ್ತೇನೆ. ಕೆಂಪು, ನೇರಳೆ ಲಕೋಟೆಯವನ್ನು ಬೇರೆ ಬಟ್ಟಲಿಗೆ ಹಾಕುತ್ತೇನೆ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲವನ್ನೂ ಕೆಡಿಸುತ್ತದೆ. ಮೊದಲ ನೆನೆತಕ್ಕೆ ಬೋರ್ ನೀರೇ ಸಾಕು, ಇಪ್ಪತ್ತು ನಿಮಿಷ. ಆದರೆ ಮೇ ತಿಂಗಳಲ್ಲಿ ಮಾಳಿಗೆ ಟ್ಯಾಂಕಿನ ನೀರು ನೇರ ಬೇಡ, ಕೈ ಸುಡುವಷ್ಟು ಬಿಸಿ ಇರುತ್ತದೆ. ಚೀಟಿ ತಾನೇ ಬಿಡಬೇಕು, ಎಳೆದರೆ ಹಿಂದೆ ತೆಳುವಾಗುತ್ತದೆ. ಆಮೇಲೆ ಫಿಲ್ಟರ್ ನೀರಿನಲ್ಲಿ ಎರಡು ಸಲ, ಹತ್ತತ್ತು ನಿಮಿಷ. ಬೆರಳಿಗೆ ಜಿಗುಟು ಹತ್ತಿದರೆ ಗೋಂದು ಇನ್ನೂ ಇದೆ ಅಂತಲೇ. ಕೊನೆಯ ನೀರಿಗೆ ಎರಡು ಹನಿ ಇನ್ನೊಂದು ಹಾಕುತ್ತೇನೆ, ಅದು ಏನಂತ ಇಲ್ಲಿ ಬರೆಯುವುದಿಲ್ಲ.

ಎಲ್ಲರೂ ಸೋಲುವುದು ಒಣಗಿಸುವಾಗ. ನಮ್ಮ ಬಿಸಿಲಿನಲ್ಲಿ ಫ್ಯಾನ್ ಕೆಳಗಿಟ್ಟರೆ ಐದಾರು ನಿಮಿಷದಲ್ಲಿ ಚಕ್ಕುಲಿಯಂತೆ ಸುರುಳಿ. ಹಸಿ ಇರುವಾಗಲೇ ಬ್ಲಾಟಿಂಗ್ ಪೇಪರ್ ನಡುವೆ ಮುಖ ಕೆಳಗಾಗಿ ಹರಡಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡಡಿ ಉದ್ದ, ಒಂದಡಿ ಅಗಲದ ಪಾಲಿಶ್ ಶಹಾಬಾದ್ ಪರ್ಸಿ. ಇಂಚು ದಪ್ಪದ್ದು ಹನ್ನೆರಡು ಕಿಲೋ ತೂಗುತ್ತದೆ. ಫ್ಲೋರಿಂಗ್ ಮಾಡುವವರ ಹತ್ತಿರ ಉಳಿದ ತುಂಡು, ನೂರು ರೂಪಾಯಿಯೂ ಆಗಲಿಲ್ಲ. ನಾಲ್ಕು ತಾಸಿಗೆ ಬ್ಲಾಟಿಂಗ್ ಬದಲಿಸಿ ಮತ್ತೆ ಒಂದು ರಾತ್ರಿ. ದಿನಪತ್ರಿಕೆ ಬೇಡ, ಮಸಿ ಹತ್ತುತ್ತದೆ. ನಾನೂ ಹತ್ತಿಸಿಕೊಂಡಿದ್ದೇನೆ.

ನೆದರ್‌ಲೆಂಡ್ಸ್‌ನ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ ಸೆಟ್ಟಿನ ಹಾಯಿದೋಣಿ, 5+1 ಸೆಂಟ್, ಅದಕ್ಕೆ ಮಾತ್ರ ಪೂರ್ತಿ ಫಿಲ್ಟರ್ ನೀರು ಖರ್ಚು ಮಾಡಿದೆ.

ತೊಳೆಯಬಾರದ್ದೂ ಇವೆ. ಜರ್ಮನಿಯ 1987ರ ಹಾಯಿದೋಣಿ 80+40 ಪೆನ್ನಿಗ್. ಆಗ ಒಳನಾಡಿನ ಸಾದಾ ಪತ್ರಕ್ಕೆ 80, ಮೇಲಿನ 40 ಕ್ರೀಡಾಪಟುಗಳ ನೆರವಿನ ನಿಧಿಗೆ. ಆ ಒಂದೇ ಚೀಟಿ ಹಚ್ಚಿ, ಮುದ್ರೆ ಸ್ಪಷ್ಟವಾಗಿ ಬಿದ್ದ ಇಡೀ ಲಕೋಟೆ ಬಂದರೆ ಕತ್ತರಿ ಮುಟ್ಟಬೇಡಿ, ಪ್ರದರ್ಶನಕ್ಕೆ ಅದೇ ಬೇಕು. ಚಿಲ್ಲರೆ ಲಾಟಿನಲ್ಲಿ ಹಾಗೆ ಬಂದ ಎರಡನ್ನು ನೆನೆಹಾಕಿ ಮುಗಿಸಿದ ಮೇಲೆ ನನಗೆ ಬುದ್ಧಿ ಬಂತು.